ಮನ್ಯಾಗ ಯಾರೂ ಕರೀದ ಹೆಸರು

ತೊಟ್ಟಿಲಿಗೆ ಹಾಕುವ ಹಿಂದಿನ ದಿನ ಅಕ್ಕ ಹಿತ್ತಲದಲ್ಲಿ ಕೂಸಿನ ಬಟ್ಟೆ ಒಣಹಾಕುತ್ತ ನನಗೊಂದು ಕೆಲಸ ಹೇಳಿದಳು. ಅಳಲಿಲ್ಲ, ದನಿ ಏರಿಸಲಿಲ್ಲ. ಪ್ಯಾಟಿಗೆ ಹೋದರೆ ಕೊತಂಬರಿ ತಾ ಅನ್ನುವಷ್ಟೇ ದನಿ.

"ಅಮ್ಯಾ, ನಾಳೆ ಅವ್ರು ಪಾಲಬಾವಿಯಿಂದ ಬರ್ತಾರಲಾ, ಮಾವಾರಿಗೆ ಒಂದ ಮಾತ ಹೇಳು. ಆ ಹೆಸರ ಬ್ಯಾಡ ಅಂತ."

"ಯಾವ ಹೆಸರು?" ಅಂದೆ. ಗೊತ್ತಿತ್ತು. ಆದರೂ ಬಾಯಿ ಕೇಳಿಬಿಟ್ಟಿತು.

ಅಕ್ಕ ಚಿಮಟಿ ಹಲ್ಲಿನಲ್ಲಿ ಕಚ್ಚಿಕೊಂಡೇ ನನ್ನ ಕಡೆ ನೋಡಿದಳು. "ನಾ ಹೆಂಗ ಹೇಳ್ಲಿ ಅದನ್ನ?"

ನಮ್ಮ ಉಜ್ವಲಕ್ಕ ಚಿಕ್ಕೋಡಿ ಕಾಲೇಜಿನಲ್ಲಿ ಬಿ.ಕಾಂ. ಮಾಡಿದವಳು. ಸ್ಕೂಟಿ ಹೊಡೆಯುತ್ತಾಳೆ, ಬ್ಯಾಂಕಿನವನ ಜೊತೆ ಇಂಗ್ಲಿಷಿನಲ್ಲಿ ಜಗಳ ಆಡುತ್ತಾಳೆ. ಗಂಡನ ಹೆಸರು ಮಾತ್ರ ಆಕೆಯ ಬಾಯಿಂದ ಬರುವುದಿಲ್ಲ. ಒಮ್ಮೆ ಬಂದಿತ್ತು. ಮದುವೆಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಗಂಡನ ಹೆಸರು ಸೇರಿಸಿ ಒಡಪು ಹಾಕು ಅಂದಾಗ, "ಬೆಳ್ಳಿ ಬಟ್ಟಲದಾಗ ಬೆಣ್ಣಿ ಬೆಲ್ಲ, ಸಿದ್ದಲಿಂಗ ಅವರ ಹೆಸರ ಹೇಳಾಕ ಅಂಜಿಕಿಲ್ಲ" ಅಂದಿದ್ದಳು. ಅಂಜಿಕೆ ಇಲ್ಲ ಅಂದವಳು ಆಮೇಲೆ ಎಂದೂ ಹೇಳಲಿಲ್ಲ. "ಇವ್ರು" ಅಂದಳು, "ನಮ್ಮವ್ರು" ಅಂದಳು, ಫೋನಿನಲ್ಲಿ "ಏನ್ರೀ" ಅಂತ ಸೇವ್ ಮಾಡಿಕೊಂಡಳು.

ಆ "ಏನ್ರೀ" ಸುಗ್ಗಿಯಲ್ಲಿ ಹೋದ. ರಾಯಬಾಗ ರಸ್ತೆಯಲ್ಲಿ ದೀಪ ಇಲ್ಲದೆ ನಿಂತಿದ್ದ ಕಬ್ಬಿನ ಟ್ರ್ಯಾಲಿಗೆ ಆತನ ಗಾಡಿ ಹಿಂದಿನಿಂದ ಹೋಗಿ ಬಡಿಯಿತು. ಅಕ್ಕ ಆಗ ಬಸುರಿ.

ದವಾಖಾನೆಯಲ್ಲಿ ಹೆಣ ಬಿಡಿಸಿಕೊಳ್ಳುವ ಕಿಟಕಿಯ ಮುಂದೆ ಅಕ್ಕ, ಆಕೆಯ ಅತ್ತೆ ಶಿವಗಂಗವ್ವ ಇಬ್ಬರೇ ನಿಂತಿದ್ದರು. ಒಳಗಿನವ ಹೆಸರೇನು ಅಂದ. ಇಬ್ಬರೂ ಸುಮ್ಮನೆ. ಕನ್ನಡ ಬರುವುದಿಲ್ಲವೇನೋ ಅಂತ ಮರಾಠಿಯಲ್ಲಿ ಕೇಳಿದ. ಅಕ್ಕ ಅತ್ತೆಯ ಮುಖ ನೋಡಿದಳು, ಅತ್ತೆ ಅಕ್ಕನ ಮುಖ ನೋಡಿದಳು. "ನಿಮ್ಮವ್ರ ಹೌದಿಲ್ಲೋ?" ಅಂದ ಅವ. ಅಷ್ಟೊತ್ತಿಗೆ ನಾನು ಗಾಡಿ ನಿಲ್ಲಿಸಿ ಓಡಿ ಬಂದು ಹೇಳಿದೆ. ಬಾಗಿಲು ತೆಗೆದರು.

ಹೆಂಡತಿ ಹೇಳಲಿಲ್ಲ, ಸರಿ. ಹಡೆದವಳು ಯಾಕೆ ಹೇಳಲಿಲ್ಲ ಅಂತ ಯಾರಾದರೂ ಕೇಳಬಹುದು. ಆ ಮನೆಯಲ್ಲಿ ಹೆಸರು ಹೊಸದಾಗಿ ಹುಟ್ಟುವುದಿಲ್ಲ. ಸತ್ತ ಹಿರಿಯನ ಹೆಸರು ಮುಂದೆ ಹುಟ್ಟಿದ ಗಂಡಿಗೆ. ಸಿದ್ದಲಿಂಗ, ವಿರುಪಾಕ್ಷ, ಮತ್ತೆ ಸಿದ್ದಲಿಂಗ, ಮತ್ತೆ ವಿರುಪಾಕ್ಷ. ನಿಪ್ಪಾಣಿ ಚಿಕ್ಕೋಡಿ ಬಸ್ಸಿದ್ದಂಗೆ, ಅದೇ ಬೋರ್ಡು, ಆ ಕಡೆಯಿಂದ ಈ ಕಡೆಗೆ. ದಾಜಿಗೆ, ಅಂದರೆ ನಮ್ಮಕ್ಕನ ಗಂಡನಿಗೆ, ಇಟ್ಟದ್ದು ಆತನ ಅಜ್ಜನ ಹೆಸರು. ಆ ಅಜ್ಜ ಶಿವಗಂಗವ್ವನ ಮಾವ. ಸೊಸೆಯಾದವಳು ಮಾವನ ಹೆಸರು ಹೇಳುವುದುಂಟೆ? ಹಾಗಾಗಿ ಮಗನಿಗೆ ತಮ್ಮಾ ಅಂದಳು. ಆಕೆಯ ಗಂಡ ವಿರುಪಾಕ್ಷಪ್ಪನವರಿಗೂ ಅದು ತಂದೆಯ ಹೆಸರು. ಅವರು ಅಪ್ಪಾ ಅಂದರು. ಅಥಣಿಗೆ ಕೊಟ್ಟ ತಂಗಿ ರೂಪಾಲಿ ಅಣ್ಣಾ ಅಂದಳು, ನಾನು ದಾಜಿ ಅಂದೆ. ಸಿದ್ದಲಿಂಗ ಅಂತ ಕರೆಯುತ್ತಿದ್ದವನು ಪೋಸ್ಟಿನವನೊಬ್ಬನೇ. ಆ ಮನೆಯಲ್ಲಿ ಆತನ ಹೆಸರು ಹೆಸರಿಗಷ್ಟೇ ಇತ್ತು.

ಈಗ ಕೂಸಿಗೆ ಅದನ್ನೇ ಇಡುತ್ತಾರೆ. ಹಡೆದವಳು ಅದನ್ನು ಎಂದೂ ಕರೆಯುವಂತಿಲ್ಲ. ಅಕ್ಕನಿಗೆ ಬೇಕಾಗಿದ್ದದ್ದು ಇಷ್ಟೇ, ತನ್ನ ಕೂಸನ್ನು ತಾನು ಹೆಸರು ಹಿಡಿದು ಕರೆಯಬೇಕು.

ಮರುದಿನ ಪಾಲಬಾವಿಯಿಂದ ಕ್ರೂಸರ್ ಗಾಡಿ ಬಂತು. ತೊಟ್ಟಿಲು, ಕೂಸಿನ ತಲೆಗೆ ಕುಂಚಗಿ, ಬೆಳ್ಳಿ ಉಡದಾರ, ಒಂದು ಡಬ್ಬಿ ಗುಗ್ಗರಿ ಇಳಿದವು. ಬಾಜಾ ಇಲ್ಲ, ಮಂಟಪ ಇಲ್ಲ. ನಮ್ಮ ಅವ್ವ ಎಲ್ಲರಿಗೂ ಚಹಾ ಕೊಟ್ಟಳು. ಎಲ್ಲರೂ ಕುಡಿದರು. ಬಿಸಿ ಇತ್ತೋ ಆರಿತ್ತೋ ಯಾರೂ ಹೇಳಲಿಲ್ಲ.

ಹೆಸರಿನ ವಿಷಯದಲ್ಲಿ ನಮ್ಮ ಓಣಿಗೆ ನಾನೇ ಪಂಡಿತ. ಕನ್ನಡ ಎಂ.ಎ., ಮದುವೆ ಮನೆಗಳಲ್ಲಿ ಮೈಕ್ ಹಿಡಿದು ನಾಲ್ಕು ದನಿ ತೆಗೆಯುವವ. ಯಾರ ಮನೆಯಲ್ಲಿ ಕೂಸು ಹುಟ್ಟಿದರೂ "ಅಮಿತ, ಈ ಹೆಸರಿನ ಅರ್ಥ ಏನೋ?" ಅನ್ನುತ್ತಾರೆ. ಕಂಡಕ್ಟರನ ದನಿಯಲ್ಲಿ ಒಮ್ಮೆ, ಪ್ರಿನ್ಸಿಪಾಲರ ದನಿಯಲ್ಲಿ ಒಮ್ಮೆ ಅರ್ಥ ಹೇಳುತ್ತೇನೆ. ದಾಜಿ ಹೋದ ಮೇಲೆ ನನ್ನದೊಂದೇ ದನಿ ಉಳಿದಿದೆ. ಅದೂ ಕಟ್ಟೆಯ ಮೇಲೆ ವಿರುಪಾಕ್ಷಪ್ಪನವರ ಮುಂದೆ ಕುಳಿತಾಗ ಬರಲೊಲ್ಲದು.

"ಮಾವಾರ, ಹೆಸರಿಂದ ಒಂದ ಮಾತ ಇತ್ರಿ."

"ಹೇಳಪಾ."

"ಈಗಿನ ಹುಡುಗೋರಿಗೆ ಎರಡಕ್ಷರದ್ದು, ಮೂರಕ್ಷರದ್ದು ಇಡ್ತಾರ್ರಿ. ಸಿದ್ದಲಿಂಗ ಅಂದ್ರ ಸಾಲ್ಯಾಗ ಹುಡುಗ್ರು ಸಿದ್ಯಾ ಸಿದ್ಯಾ ಅಂತ ಕಾಡಸ್ತಾವು."

"ಕಾಡ್ಸಲಿ. ನನ್ನ ವಿರ್‍ಯಾ ಅಂತಿದ್ರು. ಸತ್ತೀನೇನ ನಾ?"

ಸತ್ತ ಅನ್ನುವ ಶಬ್ದ ಕಟ್ಟೆಯ ಮೇಲೆ ನಮ್ಮಿಬ್ಬರ ನಡುವೆ ಕುಳಿತಿತು.

"ನೋಡಪಾ ಅಮಿತ, ಹೆಸರಂದ್ರ ಹೊಲದ ಬದುವಿನ ಕಲ್ಲ ಇದ್ದಂಗ. ಕಿತ್ತ ಒಗದ್ರ, ನಾಳೆ ಯಾರ ಹೊಲ ಯಾರ್ದೋ ಆಕ್ಕೈತಿ. ಅಂವಾ ತಿರಗಿ ಬಂದಾನ. ಬಂದಾವ್ನಿಗೆ ಬ್ಯಾರೆ ಹೆಸರ ಇಟ್ರ ಅಂವಗ ತನ್ನ ಮನಿ ಗುರ್ತ ಹತ್ತಬೇಕೋ ಬ್ಯಾಡೋ?"

"ಅಕ್ಕಗ ಕರ್ಯಾಕ ಬರೂದಿಲ್ರಿ."

"ನಮ್ಮಾಕಿಗೂ ಬರ್ತಿದ್ದಿಲ್ಲ. ಮಗಾ ಬೆಳೀಲಿಲ್ಲೇನು?"

ಬೆಳೆದ. ನಾನು ಕಟ್ಟೆಯಿಂದ ಎದ್ದೆ. ಒಳಗೆ ಹೋಗಿ ಅಕ್ಕನಿಗೆ "ಆಗಲಿಲ್ಲಬೇ" ಅಂದೆ.

"ಆತು," ಅಂದಳು ಅಕ್ಕ. ಕೂಸಿನ ಹಣೆಗೆ ಕಾಡಿಗೆ ಹಚ್ಚುತ್ತಿದ್ದಳು. ಬೊಟ್ಟು ದುಂಡಗೆ ಬಂತು.

ಪಡಸಾಲೆಯಲ್ಲಿ ತೊಟ್ಟಿಲು ಕಟ್ಟಿದರು. ಮುತ್ತೈದೆಯರು ತೊಟ್ಟಿಲ ಸುತ್ತ, ಅಕ್ಕ ದೂರ ಗೋಡೆಗೆ ಒರಗಿ ಕೌದಿಯ ಮೇಲೆ. ನಮ್ಮಲ್ಲಿ ಹೆಸರಿಡುವ ಹಕ್ಕು ಸೋದರತ್ತೆಯದು, ಅಂದರೆ ರೂಪಾಲಿಯದು. ಆಕೆ ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ "ಕುರ್ರ್" ಅಂದು ಹೆಸರು ಹೇಳಬೇಕು. ಹೇಳಿದ್ದೇ ತಡ ಉಳಿದವರೆಲ್ಲ ಆಕೆಯ ಬೆನ್ನಿಗೆ ಗುದ್ದಬೇಕು. ಮೆಲ್ಲಗೆ ಅಂತ ಪದ್ಧತಿ. ಬಾಜೂಮನೆ ಜನಾಬಾಯಿ ಆಯಿಗೆ ಆ ಪದ್ಧತಿ ಗೊತ್ತಿಲ್ಲ. ಆಕೆ ಆಗಲೇ ಸೆರಗು ಸಿಕ್ಕಿಸಿ ಮುಷ್ಟಿ ಬಿಗಿದು ನಿಂತಿದ್ದಳು.

"ಆಯೀ, ಜರಾ ಹಳೂ, ಮೆಲ್ಲಕ," ಅಂದಳು ರೂಪಾಲಿ. "ಅಥಣಿಗೆ ತಿರಗಿ ಹೋಗೂದೈತಿ ನಾ, ಬೆನ್ನ ಬೇಕು."

ಯಾರೋ ನಕ್ಕಂತೆ ಮಾಡಿದರು. ರೂಪಾಲಿ ಬಗ್ಗಿದಳು.

ಆಗ ಅಕ್ಕ ಎದ್ದಳು. ಅವಸರ ಇರಲಿಲ್ಲ. ಹೆಂಗಸರ ನಡುವೆ ಹಾದು ಬಂದು ತೊಟ್ಟಿಲೊಳಗೆ ಎರಡೂ ಕೈ ಇಳಿಸಿ ಕೂಸಿನ ಎರಡೂ ಕಿವಿ ಮುಚ್ಚಿದಳು.

ಜನಾಬಾಯಿಯ ಮುಷ್ಟಿ ಮೇಲೆಯೇ ನಿಂತಿತು. "ಕಾಯ್ ಝಾಲಂ ಗ?" ಏನಾಯಿತೇ ಅಂತ ಮರಾಠಿಯಲ್ಲಿ ಕೇಳಿದಳು.

"ವೈನಿ, ಕೈ ತಗೀರಿ," ಅಂದಳು ರೂಪಾಲಿ ಸಣ್ಣ ದನಿಯಲ್ಲಿ. "ಮಂದಿ ನೋಡಾಕತ್ತಾರ."

ಅಕ್ಕ ಆಕೆಯ ಕಡೆ ನೋಡಲೇ ಇಲ್ಲ. "ಅತ್ತಿ," ಅಂದಳು ಶಿವಗಂಗವ್ವನಿಗೆ, "ನೀವ ಬರ್ರಿ. ಇದರ ಕಿವ್ಯಾಗ ನೀವ ಒಮ್ಮೆ ಆ ಹೆಸರ ಹೇಳ್ರಿ. ನೀವು ಹೇಳಿದ್ರ ಅದನ್ನ ಇಡೂನು. ನಾ ಹೂಂ ಅಂತೀನಿ."

ಬಾಗಿಲಲ್ಲಿ ನಿಂತಿದ್ದ ವಿರುಪಾಕ್ಷಪ್ಪನವರು, "ಇದೇನವಾ ಹೊಸಾದು?" ಅಂದರು. ಶಿವಗಂಗವ್ವ ಅಷ್ಟರಲ್ಲಿ ಮುಂದೆ ಬಂದಿದ್ದಳು. ಮಗ ಹೋದಾಗ ಆಕೆ ಹಾಡಿ ಹಾಡಿ ಅತ್ತಿದ್ದಳು. ಎತ್ತು, ಬಾವಿ, ಅವ ಉಣ್ಣುತ್ತಿದ್ದ ತಾಟು, ಎಲ್ಲದರ ಹೆಸರು ತಗೊಂಡು ಅತ್ತಿದ್ದಳು. ಒಂದನ್ನು ಬಿಟ್ಟು.

ಅಕ್ಕ ಒಂದು ಕೈ ತೆಗೆದಳು. ಶಿವಗಂಗವ್ವ ತೊಟ್ಟಿಲ ಹಗ್ಗ ಹಿಡಿದು ಬಗ್ಗಿದಳು.

"ಕುರ್ರ್," ಅಂದಳು. ಅದು ಸರಳ ಬಂತು.

ಆಮೇಲೆ ಏನೂ ಬರಲಿಲ್ಲ. ದವಡೆ ಆಡುತ್ತಿತ್ತು, ಗಟ್ಟಿ ಏನನ್ನೋ ಅಗಿಯುತ್ತಿದ್ದಂತೆ. ಕೂಸು ಆಕಳಿಸಿತು. ಗುದ್ದಲು ನಿಂತ ಹೆಂಗಸರು ಗುದ್ದಬೇಕೋ ಬೇಡವೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ರಸ್ತೆಯಲ್ಲಿ ತರಕಾರಿ ಟೆಂಪೋ ತನ್ನ ಧ್ವನಿವರ್ಧಕದಲ್ಲಿ ಕೋಬೀಜು, ಕೋಬೀಜು ಅಂತ ಕೂಗುತ್ತ ಹೋಯಿತು. ಅದು ಓಣಿ ದಾಟುವ ತನಕ ಆಕೆ ಬಗ್ಗಿಯೇ ಇದ್ದಳು.

ಎದ್ದು ನಿಂತು, "ಬರೂದಿಲ್ಲ," ಅಂದಳು. ನಲ್ಲಿಯಲ್ಲಿ ನೀರು ಬರುವುದಿಲ್ಲ ಅಂದಂತೆ. "ನಂಗ ಬರೂದಿಲ್ಲ ಅದು."

"ನೀ ಅನಬ್ಯಾಡ," ಅಂದರು ವಿರುಪಾಕ್ಷಪ್ಪನವರು. "ರೂಪಾಲಿ ಅಂತಾಳ. ಅಕೀದ ಹಕ್ಕು."

ಶಿವಗಂಗವ್ವ ತಿರುಗಿದಳು. "ಅಂಗಳದಾಗ ಆಡಾಕ ಹೋದಾವ್ನ ಊಟಕ್ಕ ಕರ್ಯಾಕ ರೂಪಾಲಿ ಅಥಣಿಯಿಂದ ಬರ್ತಾಳೇನ್ರಿ?"

ಅವರು ಏನೋ ಅನ್ನಲು ಹೋದರು.

"ನಿಮ್ಮಪ್ಪನ ಹೆಸರ ನಿಮ್ಮ ಬಾಯಾಗರ ಎಂದ ಬಂದೈತಿ? ಒಮ್ಮೆ ಅನ್ರಿ ಈಗ. ಅನ್ರಿ ನೋಡೂನು."

ವಿರುಪಾಕ್ಷಪ್ಪನವರು ನೆಲ ನೋಡಿದರು. ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು.

"ಒಂದ ಸಲ ಬಾಯಿ ಕಟ್ಕೊಂಡ ಸಾಕೀನಿ," ಅಂದಳು ಶಿವಗಂಗವ್ವ. "ಎರಡನೇ ಸಲ ಆಗೂದಿಲ್ಲ ನನ್ನ ಕಡೆ. ರೂಪಾ, ಬ್ಯಾರೆ ಏನರ ಇಡವಾ."

"ಬ್ಯಾರೆ ಏನ ಇಡ್ಲೆವಾ? ನಾ ಏನೂ ವಿಚಾರನ ಮಾಡಿಲ್ಲ."

"ಯಾರದೂ ಅಲ್ಲದ್ದು ಇಡ್ರಿ," ಅಂದಳು ಅಕ್ಕ. ಇನ್ನೊಂದು ಕೈಯನ್ನೂ ತೆಗೆದಳು.

ರೂಪಾಲಿ ಬಗ್ಗಿದಳು. ಸ್ವಲ್ಪ ಹೊತ್ತು ಹಿಡಿಯಿತು. "ಕುರ್ರ್... ಶುಭಮ."

ಜನಾಬಾಯಿಯ ಮುಷ್ಟಿ ಕೊನೆಗೂ ಇಳಿಯಿತು. ರೂಪಾಲಿ ಅಯ್ಯಯ್ಯೋ ಅಂದಳು. ಬೆನ್ನಿಗೋ, ಅಣ್ಣನಿಗೋ, ಅಲ್ಲೇ ತೊಟ್ಟಿಲ ಹಗ್ಗ ಹಿಡಿದು ಅತ್ತಳು. ಅವ್ವ ಎಲ್ಲರ ಕೈಗೂ ಗುಗ್ಗರಿ ಹಾಕುತ್ತ ಹೋದಳು.

ವಿರುಪಾಕ್ಷಪ್ಪನವರು ನನ್ನ ಬಾಜೂ ಬಂದು ಕುಳಿತರು. "ಶುಭಮ ಅಂದ್ರ ಏನಪಾ?"

"ಚಲೋದು ಅಂತ್ರಿ ಮಾವಾರ. ಹಳೇ ಸಿನಿಮಾದಾಗ ಕಡೀಕ ಬರ್ತಿತ್ತಲ್ರಿ, ಮುಗೀತು ಏಳ್ರಿ ಅಂತ."

ನಗಲಿ ಅಂತ ಅಂದದ್ದು. ಅವರು ನಗಲಿಲ್ಲ. ಮಳೆ ಬರುತ್ತದೆ ಅಂತ ಯಾರೋ ಹೇಳಿದಂತೆ ಗೋಣು ಹಾಕಿದರು.

"ನಮ್ಮ ಪೈಕಿ ಯಾರರ ಅದಾರ ಆ ಹೆಸರಿನವ್ರು?"

"ಯಾರೂ ಇಲ್ರಿ."

"ಸತ್ತಾವ್ರಾಗ?"

"ಸತ್ತಾವ್ರಾಗೂ ಇಲ್ರಿ."

"ಹೂಂ," ಅಂದರು. ಅಂಗೈಯಲ್ಲಿಯ ಗುಗ್ಗರಿ ಒಂದೊಂದೇ ಎಣಿಸಿದಂತೆ ತಿಂದರು.

ಊಟ ಆಯಿತು. ಕ್ರೂಸರ್ ಹೊರಡುವ ಹೊತ್ತಿಗೆ ಶಿವಗಂಗವ್ವ ಕೂಸನ್ನು ಎತ್ತಿಕೊಂಡು ಹಿತ್ತಲಕ್ಕೆ ಹೋದವಳು ಬರಲೇ ಇಲ್ಲ. ಕರೆಯಲು ಹೋದೆ. ಆಕೆ ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ನಿಂತು ಕೂಸಿಗೆ ಮೆಲ್ಲಗೆ "ಶುಭಮ" ಅಂದಳು. ಹಿಂದೆ ತಿರುಗಿ ಯಾರಾದರೂ ಕೇಳಿದರೇನೋ ಅಂತ ನೋಡಿದಳು. ಮತ್ತೆ, "ಏ ಶುಭಮ್ಯಾ" ಅಂದಳು. ಆಮೇಲೆ ಕಬ್ಬಿನ ಹೊಲದ ಆಚೆ ಇರುವವನನ್ನು ಕರೆದಂತೆ ಗಂಟಲು ಬಿಟ್ಟು ಕೂಗಿದಳು. ಕೂಸು ಬೆಚ್ಚಿ ಅಳಲು ಶುರು ಮಾಡಿತು. ಆಕೆ ನಿಲ್ಲಿಸಲಿಲ್ಲ.

ನಾನು ಒಳಗೆ ಓಡಿ ಬಂದೆ. "ಅಕ್ಕಾ, ಕೂಸ ತಗೋ ಹೋಗ, ಹೆದರೈತಿ."

ಅಕ್ಕ ಗೋಡೆಗೆ ಒರಗಿದ್ದವಳು ಏಳಲಿಲ್ಲ. ಹಿತ್ತಲದಿಂದ ಆ ಹೆಸರು ಮತ್ತೊಮ್ಮೆ ಬಂತು, ಅದರ ಬೆನ್ನಿಗೆ ಕೂಸಿನ ಅಳು.

"ಕರೀಲಿ ಬಿಡೋ," ಅಂದಳು.