ಎರಡು ಸುಳಿಯ ಸಿದ್ದಣ್ಣ

ಎಲ್ಲೋ ತಂಬಿಗೆ ಉರುಳಿದ ಸದ್ದು, ಹಿತ್ತಲಲ್ಲಿ ಇರಬೇಕು, ಅಲ್ಲ, ಕನಸಿನಲ್ಲೇ ಉರುಳಿತೋ ಏನೋ — ಕಣ್ಣು ತೆರೆಯಬಾರದು, ಗುರಮ್ಮ ತೆರೆಯಲಿಲ್ಲ, ಎಡಮಗ್ಗುಲಲ್ಲಿ ಹೇಗೆ ಮಲಗಿದ್ದಳೋ ಹಾಗೇ ಬಿದ್ದುಕೊಂಡಳು, ಕೆನ್ನೆಯ ಕೆಳಗಿನ ಕೈ ಜೋಮು ಹಿಡಿದಿದೆ, ಹಿಡಿಯಲಿ, ಅಲುಗಿದರೆ ಎಲ್ಲ ಹೋಯಿತು. ಚಂದ್ರಭಾಗಾ ದೊಡ್ಡವ್ವ ಹೇಳಿಕೊಟ್ಟ ಮೊದಲ ಪಾಠವೇ ಅದು, ಎಚ್ಚರ ಆತಂದ್ರ ಮಗ್ಗಲ ಹೊಳ್ಳಬ್ಯಾಡ, ಕಣ್ಣ ತೆರೀಬ್ಯಾಡ, ಕನಸು ಇನ್ನೂ ಹೊಸ್ತಲದಾಗ ನಿಂತಿರತೈತಿ, ಕಡೀಗೆ ಏನ ಕಂಡಿ ಅದರ ತುದಿ ಹಿಡಕೊಂಡು ಹಿಂದ ಹಿಂದ ನಡಿ. ದೊಡ್ಡವ್ವನಿಗೆ ಇದೆಲ್ಲ ಹೇಗೆ ಗೊತ್ತೆಂದರೆ, ದೊಡ್ಡಪ್ಪ ತೀರಿಕೊಂಡಾಗ ಇಬ್ಬರ ನಡುವೆ ಒಂದು ಜಗಳ ಅರ್ಧಕ್ಕೇ ನಿಂತಿತ್ತಂತೆ, ಕನಸಿನಲ್ಲಿ ಅವನನ್ನು ಕರೆದು ಕೂರಿಸಿ ಅದನ್ನು ಮುಗಿಸಿದಳಂತೆ, ಅಕ್ಕಲಕೋಟೆಯ ಈ ಮನೆಯವರೆಲ್ಲ ಅದನ್ನು ಹೇಳಿ ಹೇಳಿ ನಗುತ್ತಾರೆ, ಗುರಮ್ಮ ಮಾತ್ರ ನಗಲಿಲ್ಲ, ಹತ್ತಿರ ಸರಿದು ಕೂತು ಹೆಂಗ ಕರದಿ ದೊಡ್ಡವ್ವಾ ಎಂದು ಕೇಳಿದಳು. ಸರಿ, ಕಡೆಗೆ ಏನು ಕಂಡಿತು — ತಂಬಿಗೆ, ತಂಬಿಗೆಗಿಂತ ಮೊದಲು ಬಚ್ಚಲ ಒಲೆಯ ಹೊಗೆ, ಹೊಗೆಗಿಂತ ಮೊದಲು ಬೆನ್ನು. ಒದ್ದೆ ಬೆನ್ನು, ಕತ್ತಿನಿಂದ ನೀರು ಇಳಿಯುತ್ತಿದೆ, ನೆತ್ತಿಯ ಹಿಂದೆ ಎರಡು ಸುಳಿ. ಸಿದ್ದಣ್ಣ. ಮೊದಲಿನ ಸಿದ್ದಣ್ಣ. ಅದೇ ಹೆಸರಿನ ಎರಡನೆಯ ಮಗನಿಗೆ ಸುಳಿ ಒಂದೇ, ಅವನು ಈಗ ಪಕ್ಕದಲ್ಲೇ ಇವಳ ಸೊಂಟದ ಮೇಲೆ ಕಾಲು ಚೆಲ್ಲಿ ನಿದ್ದೆ ಹೊಡೆಯುತ್ತಿದ್ದಾನೆ, ಆ ಕಾಲನ್ನೂ ಸರಿಸುವಂತಿಲ್ಲ.

ಸೋಲಾಪುರದಲ್ಲಾಗಿದ್ದರೆ ಇಷ್ಟೊತ್ತಿಗೆ ಭೋಂಗಾ ಆಗಿರುತ್ತಿತ್ತು, ಗಿರಣಿಯ ಭೋಂಗಾ ಕೂಗಿತೆಂದರೆ ಕೆಲಸಕ್ಕೆ ಹೋಗುವವರನ್ನೂ ಹೋಗದವರನ್ನೂ ಒಟ್ಟಿಗೇ ಕಿವಿ ಹಿಡಿದು ಎಬ್ಬಿಸುತ್ತದೆ, ಧಡಕ್ಕನೆ ಎದ್ದು ಕೂತರೆ ಕನಸು ಒರೆಸಿದ ಪಾಟಿ, ಏನೋ ಇತ್ತು ಎಂಬುದಷ್ಟೇ ಉಳಿಯುತ್ತದೆ, ಆ ಏನೋ ಇಡೀ ದಿನ ಎದೆಯಲ್ಲಿ ಕೂತಿರುತ್ತದೆ. ಅದಕ್ಕೇ ಅಲ್ಲವೆ ತವರಿಗೆ ಬಂದದ್ದು, ಅತ್ತಿಗೆಗೆ ಮೈಯಲ್ಲಿ ಹುಷಾರಿಲ್ಲ ಎಂದು ಸುಳ್ಳು ನೆಪ ಹೂಡಿ, ಅಕ್ಕಲಕೋಟ ರೋಡ್ ಸ್ಟೇಶನ್ನಿನಲ್ಲಿ ರೈಲು ಇಳಿದು ಟಾಂಗಾದಲ್ಲಿ ಎಲುಬು ಮುರಿಸಿಕೊಂಡು. ಗಂಡ ಶಿವಾನಂದ, ಹತ್ತಿ ದಲಾಲರ ಅಂಗಡಿಯ ಗುಮಾಸ್ತ, ಪಾಪದ ಮನುಷ್ಯ, ರೈಲಿನ ಕಿಟಕಿಯ ಹೊರಗೆ ನಿಂತು ಲಗೂ ಬಾ, ಹುಡುಗ ಇಲ್ಲದ ಮನಿ ಭಣಭಣ ಅಂತೈತಿ ಅಂದ. ನಿದ್ದೆ ಮಾಡಲು ತವರಿಗೆ ಹೊರಟಿದ್ದೇನೆ ಎಂದು ಯಾವ ಬಾಯಿಂದ ಹೇಳುವುದು, ನನಗೆ ಅವನ ಮುಖ ಮರೆತುಹೋಗಿದೆ ಎಂದು ಯಾವ ಬಾಯಿಂದ. ಹೆತ್ತವಳಿಗೆ ಹೆತ್ತ ಮಗನ ಮುಖ ಮರೆತಿದೆ, ಇದನ್ನು ಹೇಳಿಕೊಂಡು ಅಳಲು ಜಗತ್ತಿನಲ್ಲಿ ಒಂದು ಮೂಲೆ ಇಲ್ಲ. ಬೆನ್ನು ನೆನಪಿದೆ, ಸುಳಿ ನೆನಪಿದೆ, ಒಳಕಲ್ಲಿನ ಮೇಲೆ ಬಿದ್ದು ಗದ್ದ ಒಡೆದುಕೊಂಡು ಆದ ಕಲೆ ನೆನಪಿದೆ, ಆದರೆ ಆ ಕಲೆಯ ಸುತ್ತ ಇದ್ದ ಮುಖ ಯಾವುದು. ಫೋಟೋ ತೆಗೆಸೋಣ ಎಂದು ಶಿವಾನಂದ ಒಮ್ಮೆ ಅಂದಿದ್ದ, ಅತ್ತೆ ನೀಲಾಬಾಯಿ ಬಿಡಲಿಲ್ಲ, ಸಣ್ಣ ಕೂಸಿನ ಫೋಟೋ ತಗದ್ರ ಆಯುಷ್ಯ ಕಡಿಮಿ ಆಗತೈತಿ. ಪ್ಲೇಗಿನ ವರ್ಷ ಊರ ಹೊರಗಿನ ತಟ್ಟಿಯ ಗುಡಿಸಲಿನಲ್ಲಿ ಅವನ ಆಯುಷ್ಯ ತಾನಾಗಿಯೇ ಮುಗಿಯಿತು, ಆಗಲೂ ಬಿಡಲಿಲ್ಲ, ಹೊಟ್ಟ್ಯಾಗ ಕೂಸೈತಿ, ನೀ ನೋಡಬಾರದು, ಆ ಕಡೆ ಹೊಳ್ಳು ಅಂದರು, ಇವಳು ತಟ್ಟಿಯ ಕಡೆ ಮುಖ ಮಾಡಿ ನಿಂತಳು, ಯಾಕೆ ನಿಂತೆ, ಒಂದು ಸಲ ಹೊರಳಿ ನೋಡಿದ್ದರೆ ಏನಾಗುತ್ತಿತ್ತು, ಹಿಂದಿನಿಂದ ಅರಿವೆ ಸುತ್ತುವ ಸದ್ದು, ಹೆಜ್ಜೆಗಳ ಸದ್ದು, ಅಷ್ಟೇ.

ಹೊಟ್ಟೆಯಲ್ಲಿದ್ದವನು ಹುಟ್ಟಿದಾಗ ನೀಲಾಬಾಯಿ ಅವನನ್ನು ಎತ್ತಿಕೊಂಡು ಅಂಗಳವೆಲ್ಲ ತಿರುಗಿದಳು, ಹೋದಾವ ಹೊಳ್ಳಿ ಬಂದಾನ, ಸಿದ್ದಣ್ಣ ಹೊಳ್ಳಿ ಬಂದಾನ, ಅದೇ ಹೆಸರು ಇಟ್ಟರು, ಮನೆತನದಲ್ಲಿ ಹಾಗೇ ನಡೆದುಕೊಂಡು ಬಂದಿದೆ. ಮುದುಕಿಯೂ ಕೆಟ್ಟವಳಲ್ಲ, ಸೊಸೆಯ ಕಣ್ಣೀರು ನಿಲ್ಲಲಿ ಎಂದೇ ಮಾಡಿದಳು, ಬಂದಾನಲ್ಲ, ಮತ್ತ್ಯಾಕ ಅಳತಿ. ಬಂದವನಿಗಾಗಿ ಅಳುವುದು ಹೇಗೆ, ಹೋದವನಿಗಾಗಿ ಅಳೋಣವೆಂದರೆ ಹೋದವರು ಯಾರೂ ಇಲ್ಲ. ಹುಡುಗನೂ ಅಜ್ಜಿಯ ಮಾತು ಕೇಳಿ ಕೇಳಿ ಎಲ್ಲ ತನ್ನದೇ ಎಂದುಕೊಂಡಿದ್ದಾನೆ, ಇಲ್ಲಿಗೆ ಹೊರಡುವ ಮುಂಚೆ ಸೋಲಾಪುರದ ಮನೆಯಲ್ಲಿ ಒಳಕಲ್ಲಿನ ಹತ್ತಿರ ನಿಂತು ತನ್ನ ನುಣ್ಣನೆಯ ಗದ್ದ ಸವರಿಕೊಂಡು ನಾ ಇಲ್ಲೇ ಬಿದ್ದಿದ್ದೆ ಅಲ್ಲನವ್ವಾ, ಭಾಳ ರಕ್ತ ಬಂದಿತ್ತಲ್ಲ ಎಂದ, ಇವಳಿಗೆ ಅವನ ಕೆನ್ನೆಗೆ ಹೊಡೆಯಬೇಕೆನಿಸಿತು, ಅವನದೇನು ತಪ್ಪು, ಕೂಸು, ಎತ್ತಿಕೊಂಡು ಮುತ್ತು ಕೊಟ್ಟಳು. ಒಮ್ಮೆ ಸೋಲಾಪುರದಲ್ಲಿ ಕನಸು ಹತ್ತಿರ ಬಂದಿತ್ತು, ಬೆನ್ನು ಕೈಗೆ ಸಿಗುವಷ್ಟು ಹತ್ತಿರ, ಸಿದ್ದಣ್ಣಾ ಎಂದು ಕರೆದಳು, ಬಾಯಿ ಬಿಟ್ಟೇ ಕರೆದಿರಬೇಕು, ಪಕ್ಕದಲ್ಲಿದ್ದವನು ಎದ್ದು ಏನವ್ವಾ ಅಂದ. ಹೆಸರು ಹಿಡಿದು ಕರೆದರೆ ಇವನು ಬರುತ್ತಾನೆ, ಅವನು ಹೋಗುತ್ತಾನೆ. ಇನ್ನು ಕರೆಯಬಾರದು, ಭುಜ ಹಿಡಿದು ಮೆಲ್ಲಗೆ ಹೊರಳಿಸಬೇಕು.

ಹೊರಳಿಸಬೇಕೆಂಬುದು ಕನಸಿನೊಳಗೆ ನೆನಪಿರಬೇಕಲ್ಲ, ಅದು ಎರಡನೆಯ ಪಾಠ, ಹಗಲೆಲ್ಲ ನಿನ್ನ ಕೈ ನೋಡಕೋತ ಇರು, ಕೈಮ್ಯಾಲಿನ ಹಚ್ಚಿ ನೋಡು, ಇದು ಕನಸೋ ಖರೇನೋ ಅಂತ ಕೇಳಕೋ, ಕನಸಿನ್ಯಾಗ ಹಚ್ಚಿ ನೆಟ್ಟಗಿರಂಗಿಲ್ಲ. ಇವಳ ಮುಂಗೈ ಮೇಲೆ ಚೇಳಿನ ಹಚ್ಚೆ, ಕೊಂಡಿ ಮೊಣಕೈಯ ಕಡೆಗೆ, ರೊಟ್ಟಿ ಬಡಿಯುತ್ತ ನೋಡಿದಳು, ನೀರು ಸೇದುತ್ತ ನೋಡಿದಳು, ಅತ್ತಿಗೆ ಲೀಲಾಬಾಯಿ ಏನ ಗುರಮ್ಮವ್ವಾ, ಚೇಳಿಗೆ ಮೇವು ಹಾಕೂದೈತೇನು ಎಂದು ಕಾಡಿಸಿದಳು. ಕಾಡಿಸಲಿ. ಈಗ ಬೆನ್ನು ಸಿಕ್ಕಿದೆ, ಅದರ ತುದಿ ಹಿಡಿದು ಹಿಂದೆ ಹಿಂದೆ — ಹೊಗೆ, ಹೊಗೆಯೊಳಗೆ ಹಂಡೆ, ಹಂಡೆಯ ನೀರು ಬೆಚ್ಚಗಿದೆ, ಸೊಂಟದ ಮೇಲಿನ ಕಾಲಿನ ಭಾರ ಕರಗುತ್ತಿದೆ, ತಂಬಿಗೆ ಕೈಯಲ್ಲಿದೆ, ನೀರು ಹೊಯ್ಯುತ್ತಿದ್ದಾಳೆ, ಸುಳಿ ಎರಡೂ ಒದ್ದೆಯಾಗಿ ಹೊಳೆಯುತ್ತಿವೆ, ಕೈ, ಕೈ ನೋಡು ಗುರಮ್ಮಾ, ಚೇಳಿನ ಕೊಂಡಿ ಬೆರಳುಗಳ ಕಡೆಗಿದೆ. ಕನಸು ಇದು. ಗೊತ್ತಾಯಿತು, ಕನಸಿನೊಳಗೇ ಗೊತ್ತಾಯಿತು, ಎಚ್ಚರಾಗಬಾರದು, ಕರೆಯಬಾರದು, ತಂಬಿಗೆ ಮೆಲ್ಲಗೆ ಕೆಳಗಿಟ್ಟಳು, ಚಿಕ್ಕ ಭುಜ, ತಣ್ಣಗಿನ ಒದ್ದೆ ಭುಜ, ಎಷ್ಟು ವರ್ಷವಾಯಿತು ಮುಟ್ಟಿ, ಹಿಡಿದು ಹೊರಳಿಸಿದಳು, ಅವನೂ ಹಟ ಮಾಡದೆ ಹೊರಳಿದ, ನಗುತ್ತ ಏನವ್ವಾ ಎಂದ, ಗದ್ದ ನುಣ್ಣಗಿತ್ತು. ಎರಡನೆಯವನ ಮುಖ. ಇಲ್ಲ, ಇನ್ನೊಂದು ಸಲ ನೋಡು, ಕಲೆ ಎಲ್ಲಿ, ಬೆರಳಿನಿಂದ ಸವರಿದಳು, ಕಲೆ ಇಲ್ಲ, ಅವನ ಬೆನ್ನಿಗೆ ಇವನ ಮುಖ, ಅದೇ ಮೂಗು, ದಿನಾ ತಾನೇ ತೊಳೆಯುವ ಅದೇ ಕಣ್ಣು, ಬೇರೆ ಮುಖ ತನ್ನೊಳಗೆ ಉಳಿದೇ ಇಲ್ಲ, ತೊಳೆದು ತೊಳೆದು ತಾನೇ ಇವನ ಮುಖವನ್ನು ಅವನಿಗೆ ಹಚ್ಚಿಬಿಟ್ಟಿದ್ದಾಳೆ.

ಕಣ್ಣು ತೆರೆದಿತ್ತು. ಹುಡುಗ ಎದ್ದು ಕೂತು ನೋಡುತ್ತಿದ್ದ, ನನ್ನ ಕರದೇನವ್ವಾ. ಹೌದಪ್ಪಾ, ನಿನ್ನ ಕರದೆ, ಮಲಕ್ಕೋ. ಅವನು ಮಲಗಿದ, ಇವಳ ಕೈ ಅವನ ತಲೆ ಸವರುತ್ತ ಹೋಯಿತು, ಒಂದೇ ಸುಳಿ, ಬೆಚ್ಚಗಿನ ತಲೆ, ಇವನು ನನ್ನವನೇ, ಇವನೂ ನನ್ನವನೇ. ಅಂಗಳದಲ್ಲಿ ದೊಡ್ಡವ್ವ ಕೆಮ್ಮಿದಳು, ಏಳಬೇಕು, ಸಾರಿಸಬೇಕು, ಕನಸ ಸಿಕ್ಕತೇನು ಎಂದು ಕೇಳುತ್ತಾಳೆ, ಸಿಕ್ಕತು ಅನ್ನಬೇಕು. ನಾಳೆಯೂ ಸಿಗುತ್ತದೆ, ಈಗ ವಿದ್ಯೆ ಕೈವಶವಾಯಿತು, ನಾಳೆ ಚೇಳು ನೋಡುತ್ತಾಳೆ, ಕನಸೆಂದು ತಿಳಿಯುತ್ತಾಳೆ, ತಿಳಿದು ಭುಜ ಮುಟ್ಟುವುದಿಲ್ಲ, ಮುಟ್ಟಬಾರದು, ಹೊಳ್ಳಬ್ಯಾಡಪ್ಪಾ, ಆ ಕಡೀಗೇ ನಿಂದ್ರು, ನಾ ನೀರು ಹಾಕತೀನಿ, ನೀ ಹೊಳ್ಳಬ್ಯಾಡ — ಒದ್ದೆ ಬೆನ್ನು, ಕತ್ತಿನಿಂದ ಇಳಿಯುವ ನೀರು, ಎರಡು ಸುಳಿ, ಎರಡು ಸುಳಿ