ಬಿಳಿಯ ಕೆಳಗಿನ ಹಸಿರು

ಪುಟ್ಟಿಗೆ ಐವತ್ತು ದಾಟಿತ್ತು. ಊರಿನವರಿಗೆ ಅವಳು ಹಲ್ಲಿನ ಡಾಕ್ಟರು. ಮನೆಯವರ ಬಾಯಲ್ಲಿ ಮಾತ್ರ ಇನ್ನೂ ಪುಟ್ಟಿಯೇ. ವಾರವಿಡೀ ಕಂಡವರ ಬಾಯಿಯೊಳಗೆ ಇಣುಕುವ ಆಕೆ ಆ ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಮಣೆ ಹಾಕಿಕೊಂಡು, ಅಪ್ಪನ ಹಳೆಯ ಬಿಳಿ ಕಾರನ್ನು ಇಣುಕಿ ನೋಡುತ್ತ ಕುಳಿತಿದ್ದಳು.

ಅಣ್ಣನ ಮಗಳು ಹೊಸದಾಗಿ ಕಾರು ಓಡಿಸಲು ಕಲಿತಿದ್ದಳು. ಓಡಿಸಿದರೆ ಅಜ್ಜನ ಕಾರನ್ನೇ ಓಡಿಸುವುದು ಎಂದು ಹಟ ಹಿಡಿದವಳು, ಸಂಜೆ ಅದನ್ನು ಒಯ್ಯಲು ಬರುವವಳಿದ್ದಳು. ಅಪ್ಪ ಹೋದ ಮೇಲೆ ಕಾರು ಪುಟ್ಟಿಯ ಮನೆಯಲ್ಲೇ ನಿಂತಿತ್ತು. ಎಂಜಿನ್ ಗಟ್ಟಿಮುಟ್ಟಾಗಿತ್ತು, ಮೈಮೇಲೆ ಮಾತ್ರ ಗೀರುಗಳು, ಅಲ್ಲಲ್ಲಿ ಚಕ್ಕೆ ಎದ್ದ ಬಣ್ಣ. ಗ್ಯಾರೇಜಿನವನು ಕಾರನ್ನು ಸುತ್ತು ಹಾಕಿ ನೋಡಿ, ಪೂರ್ತಿ ಬಣ್ಣ ಹೊಡೆಸಿಬಿಡಿ ಅಂದಿದ್ದ. ಸಣ್ಣ ಹುಳುಕಿಗೆಲ್ಲ ಹಲ್ಲು ಕೀಳುವ ಪೈಕಿ ತಾನಲ್ಲ ಎಂದು ಹೇಳಿ ಪುಟ್ಟಿ ಕಾರನ್ನು ಮನೆಗೆ ವಾಪಸು ತಂದಿದ್ದಳು.

ಅವಳಿಗೆ ಈ ಕೆಲಸ ಹೊಸದೇನೂ ಅನಿಸಲಿಲ್ಲ. ಸೋಪು ನೀರಿನಲ್ಲಿ ತೊಳೆಯುವುದು, ಒರೆಸಿ ಒಣಗಿಸುವುದು, ಸಡಿಲವಾದ ಚಕ್ಕೆಯನ್ನು ಕೆರೆದು ತೆಗೆಯುವುದು, ಸುತ್ತಲೂ ಟೇಪು ಅಂಟಿಸಿ ಒದ್ದೆ ಸ್ಯಾಂಡ್‌ಪೇಪರಿನಿಂದ ಮೆಲ್ಲಗೆ ಉಜ್ಜುವುದು. ಆಮೇಲೆ ಅಡಿಬಣ್ಣವಾಗಿ ಪ್ರೈಮರಿನ ಒಂದು ಬೊಟ್ಟು, ಅದು ಆರಿದ ಮೇಲೆ ತೆಳ್ಳಗೆ ಬಣ್ಣ. ಅವಸರ ಮಾಡಿ ದಪ್ಪಗೆ ಬಳಿದರೆ ಗುಳ್ಳೆ ಏಳುತ್ತದೆ. ಬಿಳಿಯೆಂದರೆ ಒಂದೇ ಬಿಳಿಯಲ್ಲ ಅನ್ನುವುದು ಹಲ್ಲಿನ ಡಾಕ್ಟರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಗಡಿಯಿಂದ ತಂದ ಬಿಳಿಗೆ ಒಂದು ಹನಿ ಹಳದಿ ಬೆರೆಸಿ, ಕಾರಿನ ವಯಸ್ಸಿಗೆ ಸರಿಹೊಂದಿಸಿಕೊಂಡಿದ್ದಳು.

ಅಣ್ಣ ಉಸ್ತುವಾರಿಗೆಂದು ಬಂದು ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ. ಬಸ್ ಓಡಿಸಿ ನಿವೃತ್ತನಾದವನು. ನಾಲ್ಕು ಗಾಲಿ ಇದ್ದದ್ದೆಲ್ಲ ತನ್ನ ಇಲಾಖೆ ಎಂಬ ಭಾವನೆ. ಚಹಾ ಹೀರುತ್ತ, ಇಲ್ಲಿ ಇನ್ನಷ್ಟು ಉಜ್ಜು, ಅಲ್ಲಿ ಸಾಕು ಎಂದು ಹೇಳುತ್ತಿದ್ದನೇ ಹೊರತು ಕುರ್ಚಿ ಬಿಟ್ಟು ಏಳುವ ಲಕ್ಷಣವಿರಲಿಲ್ಲ.

ಹಿಂಬಾಗಿಲಿನ ಕೆಳಅಂಚಿಗೆ ಬರುವ ಹೊತ್ತಿಗೆ ಬಿಸಿಲು ಏರಿತ್ತು. ಅಲ್ಲೊಂದು ಚಕ್ಕೆ ಉಗುರಿನಗಲ ಎದ್ದಿತ್ತು. ಪುಟ್ಟಿ ಉಜ್ಜಿದಳು. ಬಿಳಿ ಹೋಗಿ ಪ್ರೈಮರಿನ ಬೂದು ಬಂತು. ಬೂದಿನ ಕೆಳಗೆ ತಗಡು ಕಾಣಬೇಕಿತ್ತು. ತಗಡಿನ ಬದಲು ಅಲ್ಲಿ ಹಸಿರು ಕಂಡಿತು. ಎಲೆಯ ಬೆನ್ನಿನಂಥದ್ದಲ್ಲ, ಬಾಟಲಿಯ ತಳದಂಥ ಕಡು ಹಸಿರು. ಅವಳ ಕೈ ನಿಂತೇಬಿಟ್ಟಿತು.

ಆ ಮನೆಯಲ್ಲಿ ಹಸಿರು ಕಾರು ಎಂದರೆ ಸುಳ್ಳು ಎಂದರ್ಥ. ಪುಟ್ಟಿ ಚಿಕ್ಕವಳಿದ್ದಾಗ, ತನ್ನನ್ನು ಹಸಿರು ಕಾರಿನಲ್ಲಿ ಮಲಗಿಸಿಕೊಂಡು ಎಲ್ಲಿಗೋ ಕರೆದೊಯ್ದಿದ್ದರು ಎಂದು ಒಮ್ಮೆ ಹೇಳಿದ್ದೇ ತಪ್ಪಾಯಿತು. ನಮ್ಮ ಕಾರು ಹುಟ್ಟಿದ್ದೇ ಬಿಳಿ, ನೀನು ಕನಸು ಕಂಡಿರಬೇಕು ಎಂದು ಅಣ್ಣ ಹಿಡಿದುಕೊಂಡವನು ಬಿಡಲೇ ಇಲ್ಲ. ಮಾತು ಬೆಳೆದು ಮನೆಮಾತಾಯಿತು. ಅಣ್ಣನ ಮಗಳು ಹೋಂವರ್ಕ್ ಮುಗಿಯಿತು ಎಂದರೂ, ನಿಜವಾಗಿಯೋ ಇಲ್ಲ ಹಸಿರು ಕಾರೋ ಎಂದು ಕೇಳುವಷ್ಟು. ಪುಟ್ಟಿಯೂ ಎಲ್ಲರ ಜೊತೆ ನಕ್ಕು ನಕ್ಕು, ಕೊನೆಗೆ ತನ್ನ ನೆನಪನ್ನು ತಾನೇ ನಂಬದವಳಾಗಿದ್ದಳು.

"ಅಣ್ಣಾ, ಸ್ವಲ್ಪ ಎದ್ದು ಬಾ."

ಅವಳ ದನಿಯಲ್ಲಿ ಏನಿತ್ತೋ, ಅವನು ಲೋಟ ಕೆಳಗಿಟ್ಟು ಬಂದ. ಬಗ್ಗಿದ. ಕನ್ನಡಕ ಹಣೆಯಿಂದ ಮೂಗಿಗಿಳಿಸಿ ನೋಡಿದ. ಆಮೇಲೆ ಅವಳ ಕೈಯಿಂದ ಪೇಪರು ತೆಗೆದುಕೊಂಡು ಪಕ್ಕದಲ್ಲೇ ಇನ್ನೊಂದಿಷ್ಟು ಉಜ್ಜಿದ. ಅಲ್ಲೂ ಹಸಿರೇ.

"ನಾನು ನೋಡಿದಾಗ ಬಿಳೀನೇ ಇತ್ತು ಕಣೇ. ಸತ್ಯವಾಗ್ಲೂ," ಅಂದ. ಅವನ ಮುಖ ನೋಡಿದರೆ ಸುಳ್ಳು ಹೇಳುವ ಮುಖವಾಗಿರಲಿಲ್ಲ. ಬೇಸಿಗೆ ರಜೆಗೆ ಅಜ್ಜಿಯ ಮನೆಗೆ ಹೋಗಿದ್ದವನು ವಾಪಸು ಬಂದಾಗ ಬಾಗಿಲಲ್ಲಿ ಬಿಳಿ ಕಾರು ನಿಂತಿತ್ತು, ಅಷ್ಟೇ ಅವನಿಗೆ ಗೊತ್ತಿದ್ದದ್ದು.

ಅಪ್ಪ ಅಮ್ಮ ಇಬ್ಬರೂ ಇಲ್ಲ. ಕೇಳುವುದಾದರೆ ಉಳಿದವಳು ಚಿಕ್ಕಮ್ಮ ಒಬ್ಬಳೇ. ಕಿವಿ ಮಂದವಾದರೂ ನೆನಪು ಚುರುಕು. ಪುಟ್ಟಿ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ಕೂಗಿ ಕೂಗಿ ವಿಷಯ ತಿಳಿಸಿದಳು.

"ಬಾಯಿ ಬಿಡಬೇಡ ಅಂತ ನಿಮ್ಮಮ್ಮ ನನ್ನಿಂದ ಮಾತು ತಗೊಂಡಿದ್ಲು," ಅಂದಳು ಚಿಕ್ಕಮ್ಮ. "ಈಗ ಬಾಗಿಲೇ ಹೇಳಿಬಿಟ್ಟಿದೆ, ಇನ್ನು ನಂದೇನು."

ಕಾರು ಬಂದದ್ದು ಹಸಿರಾಗಿಯೇ. ಯಾರದೋ ಕೈಯಿಂದ ಅಪ್ಪ ಕೊಂಡು ತಂದ ವಾರವೇ ಪುಟ್ಟಿಗೆ ವಿಪರೀತ ಜ್ವರ. ಅಪ್ಪ ಕಾರು ಓಡಿಸಿದರು, ಅಮ್ಮ ಹಿಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಅರ್ಧ ದಾರಿಯಲ್ಲಿ ಮಗುವಿನ ಮೈ ಸೆಟೆದು, ಆಮೇಲೆ ಬಟ್ಟೆಯಂತೆ ಸಡಿಲವಾಯಿತು. ಎಲ್ಲ ಮುಗಿಯಿತು ಎಂದುಕೊಂಡಳು ಅಮ್ಮ. ಮುಂದೆ ಕೂತ ಅಪ್ಪನಿಗೆ ಹೇಳಲಿಲ್ಲ. ಹೇಳಿದರೆ ಅಪ್ಪನ ಕೈ ನಡುಗಿ ಕಾರು ಎಲ್ಲಿ ಹೋಗುತ್ತದೋ ಎಂಬ ಭಯ. ಆಸ್ಪತ್ರೆ ಬರುವವರೆಗೆ ಆ ಮಾತನ್ನು ಒಬ್ಬಳೇ ಹೊತ್ತು ಕುಳಿತಿದ್ದಳು.

ಮಗು ಉಳಿಯಿತು. ಮನೆಗೆ ಕಳಿಸುವ ದಿನ ಮಾತ್ರ ಅಮ್ಮ ಆ ಕಾರು ಹತ್ತಲು ಒಪ್ಪಲಿಲ್ಲ. ಪುಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ನಡೆದೇ ಬಂದಳಂತೆ. ಅಪ್ಪ ಅವಳ ಹಿಂದೆಯೇ, ನಡಿಗೆಯ ವೇಗದಲ್ಲಿ, ಕಾರು ಓಡಿಸಿಕೊಂಡು ಬಂದರಂತೆ. ಮರುದಿನವೇ ಪರಿಚಯದ ಪೇಂಟರನಿಂದ ಯಂತ್ರ ಎರವಲು ತಂದು, ಅಂಗಳದಲ್ಲೇ ನಿಂತು ಇಡೀ ಕಾರಿಗೆ ಬಿಳಿ ಹೊಡೆದರು. ಅದು ಒಣಗಿದ ಮೇಲೆ ಅಮ್ಮನನ್ನು ಕರೆದು, ಇದು ಬೇರೆ ಕಾರು, ಹತ್ತಿ ನೋಡು ಅಂದರಂತೆ. ಅಮ್ಮ ಹತ್ತಿದಳು, ಮುಂದಿನ ಸೀಟಿಗೆ.

"ಸಾಯೋ ತನಕ ಹಿಂದೆ ಕೂರಲಿಲ್ಲ ಅವಳು. ನೀವು ಯಾರಾದ್ರೂ ಗಮನಿಸಿದ್ರಾ?" ಎಂದು ಕೇಳಿ ಚಿಕ್ಕಮ್ಮ ಫೋನ್ ಇಟ್ಟಳು.

ಗಮನಿಸಿರಲಿಲ್ಲ. ಪುಟ್ಟಿಗೆ ಈಗ ಹೊಳೆದದ್ದು ಇನ್ನೊಂದು. ಊಟದ ಹೊತ್ತಿನಲ್ಲಿ ಹಸಿರು ಕಾರಿನ ತಮಾಷೆ ಶುರುವಾದಾಗಲೆಲ್ಲ ಅಮ್ಮ ನೀರು ತರುತ್ತೇನೆಂದು ಎದ್ದು ಹೋಗುತ್ತಿದ್ದಳು. ಹೂಜಿ ತುಂಬಿದ್ದರೂ ಹೋಗುತ್ತಿದ್ದಳು. ಒಳಗೆ ನಲ್ಲಿ ಸುರಿಯುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಅಪ್ಪ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ಪುಟ್ಟಿ ಪ್ರೈಮರಿನ ಬಾಟಲಿ ಎತ್ತಿಕೊಂಡಳು. ಬಿಟ್ಟರೆ ತುಕ್ಕು ಹಿಡಿಯುತ್ತದೆ. ಆದರೂ ಕುಂಚ ಅದ್ದುವ ಮೊದಲು ಆ ಹಸಿರಿನ ಮೇಲೆ ಒಮ್ಮೆ ಬೆರಳಾಡಿಸಿದಳು. ನುಣ್ಣಗಿತ್ತು, ತಣ್ಣಗಿತ್ತು. ಅಣ್ಣ ಈ ಸಲ ಎಷ್ಟು ಬಳಿಯಬೇಕೆಂದು ಹೇಳಿಕೊಡಲಿಲ್ಲ. ಬಿಸಿಲು ಬೀಳದಂತೆ ಹಳೆಯ ಪತ್ರಿಕೆ ಹಿಡಿದು ನಿಂತ. ಪ್ರೈಮರು ಆರಿತು, ಬಿಳಿಯ ಮೊದಲ ಪದರ ಆರಿತು, ಎರಡನೆಯದನ್ನೂ ಬಳಿದಾಯಿತು.

"ಇನ್ನೇನು ನೆನಪಿದೆ ನಿನಗೆ? ಆ ದಿನದ್ದು," ಎಂದು ಕೇಳಿದ. ಇಷ್ಟು ವರ್ಷದಲ್ಲಿ ಹಾಗೆ ಕೇಳಿದ್ದು ಅದೇ ಮೊದಲು.

ಒದ್ದೆ ಕರವಸ್ತ್ರದ ವಾಸನೆ, ಅಮ್ಮನ ಗದ್ದದ ಕೆಳಭಾಗ, ಕಿಟಕಿಯಲ್ಲಿ ತಲೆಕೆಳಗಾಗಿ ಓಡುತ್ತಿದ್ದ ಲೈಟುಕಂಬದ ತಂತಿಗಳು ಎಂದಳು ಪುಟ್ಟಿ. ಅಮ್ಮ ಏನೋ ಗುನುಗುತ್ತಿದ್ದಳು, ಯಾವ ಹಾಡೋ ತಿಳಿಯದು.

ಅಣ್ಣ ಆಚೆ ಬದಿಗೆ ಹೋಗಿ, ಬಣ್ಣ ಹಚ್ಚದ ಬಾಗಿಲು ತೆರೆದು, ತನ್ನ ದೊಡ್ಡ ಹೊಟ್ಟೆಯೊಂದಿಗೆ ಹಿಂದಿನ ಸೀಟಿನಲ್ಲಿ ಮಲಗಿಯೇಬಿಟ್ಟ. ಮೊಣಕಾಲು ಮಡಚಿದರೂ ಪಾದಗಳೆರಡೂ ಹೊರಗೇ ಉಳಿದವು.

"ತಲೆ ಈ ಕಡೇನಾ?"

"ಹೂಂ. ಸ್ವಲ್ಪ ಕೆಳಗೆ."

ಸಂಜೆ ಮಗಳು ಬಂದಾಗಲೂ ಅವನು ಅಲ್ಲೇ ಇದ್ದ. ಕಾರಿನಿಂದ ಹೊರಬಿದ್ದ ಅಪ್ಪನ ಪಾದಗಳನ್ನು ಕಂಡು, ಏನಾಯಿತು ಅತ್ತೆ ಎಂದು ಓಡಿ ಬಂದಳು. ಪುಟ್ಟಿ ಉತ್ತರ ಹೇಳುವ ಮೊದಲೇ ಅಣ್ಣ ಒದ್ದಾಡಿಕೊಂಡು ಎದ್ದು ಕುಳಿತು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಥೆ ಶುರು ಮಾಡಿದ. ಹಸಿರು ಎಂಥ ಹಸಿರು, ಅಜ್ಜಿ ಹೇಗೆ ಕುಳಿತಿದ್ದಳು, ಅಜ್ಜ ಎಷ್ಟು ನಿಧಾನ ಓಡಿಸಿದರು, ಎಲ್ಲವನ್ನೂ ಹೇಳಿದ, ತಾನೂ ಆ ಕಾರಿನಲ್ಲೇ ಇದ್ದವನಂತೆ. ಪುಟ್ಟಿ ಎಲ್ಲಿಯೂ ಅವನನ್ನು ತಿದ್ದಲಿಲ್ಲ. ಮಣೆಯ ಮೇಲೆ ಕುಳಿತು ಕುಂಚ ತೊಳೆಯುತ್ತ ಕೇಳಿಸಿಕೊಂಡಳು.