ಕಡಗದ ಕೈ

ಮೌನೇಶ್ವರಿಗೆ ನಿದ್ದೆಯೆಂದರೆ ಹೆದರಿಕೆ ಹುಟ್ಟಿದ್ದು ಚಿತ್ರಕಲಾ ಶಾಲೆಯ ಕೊನೆಯ ವರ್ಷದಲ್ಲಿ. ಕನಸು ಮೊದಲೂ ಬೀಳುತ್ತಿತ್ತು, ಎದ್ದು ಮುಖ ತೊಳೆಯುವಷ್ಟರಲ್ಲಿ ಮರೆತೂ ಹೋಗುತ್ತಿತ್ತು. ಹಾಗೆ ಮರೆಯಲು ಬಿಡದಂತೆ ಮಾಡಿದ್ದು ನಸೀರುದ್ದೀನ ಸರ್ ಅವರ ಪಾಠ.

ಸುರಪುರದ ಆ ಶಾಲೆಯಲ್ಲಿ ಅಲ್ಲಿಯವರೆಗೆ ಹುಡುಗರು ಬರೆದದ್ದೆಲ್ಲ ಹೂಜಿ, ಹಣ್ಣು, ಗುಡ್ಡದ ಬಂಡೆಗಳು. ಸರ್ ಒಂದು ದಿನ ಸರ್ರಿಯಲಿಸಂ ಎಂದರೇನೆಂದು ಹೇಳಿ, ನಾಲ್ಕಾರು ಚಿತ್ರ ತೋರಿಸಿ, "ನಾಳಿಯಿಂದ ಕಣ್ಣಿಗೆ ಕಂಡದ್ದು ಬರೀಬ್ಯಾಡ್ರಿ. ಎದ್ದ ಕೂಡಲೇ ಹಾಸಿಗ್ಯಾಗ ಕುಂತು ಕನಸಿನಾಗ ಏನಿತ್ತೋ ಅದನ್ನ ಗೀಚ್ರಿ. ಅರ್ಥ ಹುಡುಕಬ್ಯಾಡ್ರಿ. ಮನಸಿನ ತಳದಾಗ ಇದ್ದದ್ದು ತಾನ ಮ್ಯಾಲ ಬರತೈತಿ," ಎಂದರು.

ಪಕ್ಕದಲ್ಲಿ ಕೂರುವ ಗುಲಫಶಾ ತನ್ನ ತಾಯಿಯ ಜಡೆಯಿಂದ ಮೆಟ್ಟಿಲು ಹುಟ್ಟಿ ಮಾಳಿಗೆಗೆ ಏರುವಂತೆ ಬರೆದಳು. ಇನ್ನೊಬ್ಬ ಬಸ್ಸಿಗೆ ಟಗರಿನ ಕೊಂಬು ಮೂಡಿಸಿದ. ತರಗತಿಯೆಲ್ಲ ನಕ್ಕಿತು. ಮೌನೇಶ್ವರಿಗೆ ಮಾತ್ರ ನಗು ಬರಲಿಲ್ಲ. ಅವಳ ಹಾಳೆಯ ಮೇಲೆ ಬರುತ್ತಿದ್ದದ್ದು ಒಂದೇ. ಸುತ್ತ ಕತ್ತಲು. ಬಹಳ ಮೇಲೆ ರೊಟ್ಟಿಯಷ್ಟಗಲದ ದುಂಡನೆಯ ಬೆಳಕು. ಕೆಳಗಿನಿಂದ ಚಾಚಿ ಬಂದು ಅವಳ ಕಾಲನ್ನು ಬಿಗಿಯಾಗಿ ಹಿಡಿದ ಒಂದು ಕೈ.

ಬರೆದಷ್ಟೂ ಕನಸು ಬಲಿಯಿತು. ಮೊದಲು ಬರೀ ಕತ್ತಲಿತ್ತು. ಆಮೇಲೆ ಅದರಲ್ಲಿ ಮುಗ್ಗಲು ವಾಸನೆ ಸೇರಿತು. ಎಚ್ಚರವಾದ ಮೇಲೂ ಆ ವಾಸನೆ ಮೂಗಿನಲ್ಲೇ ಇರುತ್ತಿತ್ತು. ಕನಸಿನ ಆ ಕೈಯ ಮಣಿಕಟ್ಟಿಗೆ ಕಡಗವೊಂದು ಮೂಡಿತು. ಬೆಳ್ಳಿಯ ಕಡಗ, ಅದರ ಎರಡು ತುದಿಗೂ ಮೀನಿನ ತಲೆ. ಒಂದು ಮೀನಿನ ತಲೆ ಜಜ್ಜಿಹೋಗಿತ್ತು. ತಾನು ಎಂದೂ ನೋಡದ ವಸ್ತುವನ್ನು ತನ್ನದೇ ಬೆರಳು ಅಷ್ಟು ಸರಾಗವಾಗಿ ಬರೆಯುವುದನ್ನು ನೋಡಿ ಅವಳು ಪೆನ್ಸಿಲ್ಲು ಕೆಳಗೆ ಹಾಕಿದಳು. ಇದು ತನ್ನ ಕನಸಲ್ಲ, ಯಾರೋ ತನ್ನೊಳಗೆ ಸೇರಿಕೊಂಡು ಬರೆಸುತ್ತಿದ್ದಾರೆ ಅನ್ನಿಸತೊಡಗಿತು.

ಅವ್ವ ಅಮೃತಮ್ಮನಿಗೂ ಹಾಗೇ ಅನ್ನಿಸಿರಬೇಕು. ಮಗಳು ಬೆಳಗಿನ ಜಾವ ಚೀರಿ ಏಳುವುದನ್ನು ನೋಡಿ, ಕೊಡೇಕಲ್‌ನ ಗುಡಿಗೆ ಹೋಗಿ ಮಂತ್ರಿಸಿದ ದಾರ ತಂದು ರಟ್ಟೆಗೆ ಕಟ್ಟಿದಳು. "ಆ ಹಾಳಾದ ಚಿತ್ರ ಬಿಡು," ಎಂದಳು. ಒಂದೇ ಕೋಣೆಯಲ್ಲಿ ಮಲಗುವ ಕಾಕಿ ಚಂದ್ರಕಲಾ ಏನೂ ಹೇಳುತ್ತಿರಲಿಲ್ಲ. ಮೌನೇಶ್ವರಿ ಚೀರಿದಾಗಲೆಲ್ಲ ಎದ್ದು ನೀರು ಕೊಡುತ್ತಿದ್ದಳು, ಬೆಳಗಾದರೆ ಹೊಲಿಗೆ ಮಷೀನಿನ ಮುಂದೆ ಕೂರುತ್ತಿದ್ದಳು. ಅವಳ ಗಂಡ, ಅಂದರೆ ಅಪ್ಪನ ತಮ್ಮ ಮರಿಲಿಂಗ ಕಾಕಾ ಜ್ವರದಲ್ಲಿ ಸತ್ತನೆಂದು ಮನೆಯವರು ಹೇಳಿದ್ದರು; ಆಮೇಲೂ ಅವಳು ಇವರ ಜೊತೆಯಲ್ಲೇ ಉಳಿದಿದ್ದಳು. ಕಾಕಾನ ಮುಖ ಮೌನೇಶ್ವರಿಗೆ ನೆನಪಿರಲಿಲ್ಲ. ಮನೆಯಲ್ಲಿ ಅವನ ಫೋಟೋ ಇರಲಿಲ್ಲ, ಮಾತೂ ಇರಲಿಲ್ಲ.

ಶಹಾಪುರದ ಒಂದು ಸಭಾಭವನದಲ್ಲಿ ಶಾಲೆಯವರು ಪ್ರದರ್ಶನ ಇಟ್ಟರು. ಮೌನೇಶ್ವರಿಯ ದೊಡ್ಡ ಕ್ಯಾನ್ವಾಸನ್ನು ಸರ್ ಬಾಗಿಲಿಗೆ ಎದುರಾಗಿಯೇ ನಿಲ್ಲಿಸಿದರು. ಜೋಳದ ಕಾಳುಗಳೇ ಅಲೆಯಾಗಿ ಎದ್ದ ನೆಲ, ಅದರಿಂದ ಗಿಡದಂತೆ ಬೆಳೆದ ಕಡಗದ ಕೈ, ಹಗ್ಗದಂತೆ ಉದ್ದುದ್ದ ಎಳೆದುಹೋದ ಕಾಲುಗಳ ಸಣ್ಣ ಹುಡುಗಿ. ಬಂದವರು ಮೆಚ್ಚಿದರು. ಆದರೆ ಮೌನೇಶ್ವರಿ ಅದಕ್ಕೆ ಬೆನ್ನು ಮಾಡಿಯೇ ನಿಂತಿದ್ದಳು.

ಮಧ್ಯಾಹ್ನ ಕಾಕಿ ಬಂದಳು. ಒಳಗೆ ಕಾಲಿಟ್ಟವಳು ಚಿತ್ರ ನೋಡಿ ಅಲ್ಲಿಯೇ ನಿಂತಳು. ಹತ್ತಿರ ಹೋಗಿ ಬಣ್ಣದ ಮೇಲೆ, ಆ ಜಜ್ಜಿದ ಮೀನಿನ ತಲೆಯ ಮೇಲೆ ಬೆರಳಿಟ್ಟಳು.

"ಈ ಕಡಗ ನಿನಗ್ಯಾರು ತೋರ್ಸಿದ್ರು?"

"ಯಾರೂ ತೋರ್ಸಿಲ್ಲ ಕಾಕಿ. ಕನಸಿನಾಗ ಕಾಣತೈತಿ."

"ಸುಳ್ಳು ಹೇಳಬ್ಯಾಡ. ಇದು ನಿಮ್ಮ ಕಾಕಾಂದು. ಮಣ್ಣು ಮಾಡುವಾಗ ಬಿಚ್ಚಲಿಲ್ಲ, ಅವನ ಕೂಡೇ ಹೋಯ್ತು."

ಮೌನೇಶ್ವರಿಗೆ ಕಾಲ ಕೆಳಗಿನ ಫರಸಿ ಕಲ್ಲು ಕುಸಿದಂತಾಯಿತು. ಗುಲಫಶಾ ಓಡಿಬಂದು ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿದಳು. ಕಾಕಿ ನೀರು ಕುಡಿದು ಹೇಳಿದಳು: "ಜ್ವರ ಬಂದು ಸಾಯಲಿಲ್ಲ ಅವ. ನಾಳೆ ಊರಿಗೆ ಹೋಗಮು. ನಾ ಒಬ್ಬಾಕೀನ ಹೇಳಲಾರೆ."

ಊರು ನಾರಾಯಣಪುರದ ದಾರಿಯಲ್ಲಿತ್ತು. ಮೌನೇಶ್ವರಿ ಚಿಕ್ಕವಳಿದ್ದಾಗಲೇ ಮನೆಯವರು ಅದನ್ನು ಬಿಟ್ಟು ಸುರಪುರ ಸೇರಿದ್ದರು. ಯಾಕೆಂದು ಅವಳು ಕೇಳಿರಲಿಲ್ಲ. ಬಸ್ಸಿನುದ್ದಕ್ಕೂ ಕಾಕಿ ಕಿಟಕಿಯ ಹೊರಗೇ ನೋಡುತ್ತಿದ್ದಳು. ತನ್ನನ್ನು ಕೆಳಗೆಳೆಯುವ ಕೈ ಸತ್ತ ಕಾಕಾನದು ಎಂಬುದೊಂದೇ ಮೌನೇಶ್ವರಿಯ ತಲೆಯಲ್ಲಿ ತಿರುಗುತ್ತಿತ್ತು. ಏನು ಬೇಕಾಗಿದೆ ಅವನಿಗೆ?

ಹಳೆಯ ಮನೆಯ ನೆರೆಯವಳಾದ ಮುದುಕಿ ಹಣಮಂತಮ್ಮ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಈಗ ಅಲ್ಲಿ ಟ್ರಾಕ್ಟರ್ ನಿಲ್ಲಿಸುವ ತಗಡಿನ ಶೆಡ್ ಇತ್ತು. "ಇಲ್ಲೇ ನೋಡವ್ವ ನಿಮ್ಮ ಹಗೇವು ಇದ್ದದ್ದು," ಎಂದಳು. ಹಗೇವೆಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಆಳದ ಗುಂಡಿ. ಹೊಟ್ಟೆ ಅಗಲ, ಬಾಯಿ ಮಾತ್ರ ಒಬ್ಬ ಮನುಷ್ಯ ಇಳಿಯುವಷ್ಟು. "ಬಾಯಿ ತೆಗದು ಗಾಳಿ ಆಡ್ಲಿ ಅಂತ ಬಿಟ್ಟಿದ್ರು. ನೀ ಆಡಕೋತ ಬಂದು ಒಳಗ ಬಿದ್ದಿ. ಒಳಗ ವಿಷಗಾಳಿ ಇರತೈತಿ ಅಂತ ಮರಿಲಿಂಗಗ ಗೊತ್ತಿತ್ತು. ಆದ್ರೂ ಧುಮುಕಿದ. ನಿನ್ನ ಕಾಲು ಹಿಡದು ಮ್ಯಾಲ ನೂಕಿದ, ನಾ ರಟ್ಟಿ ಹಿಡದು ಎಳಕೊಂಡೆ. ಆಮ್ಯಾಲ ಅವನ ಕೈ ಸಡಲಾತು."

ಮೌನೇಶ್ವರಿಯ ಕಾಲಿಗೆ, ಈಗಲೂ, ಆ ಹಿಡಿತ ತಾಗಿದಂತಾಯಿತು. ಎಳೆಯುತ್ತದೆಂದು ಇಷ್ಟು ದಿನ ಹೆದರಿದ ಕೈ ಅದು. ಎಳೆಯುತ್ತಿರಲಿಲ್ಲವಂತೆ, ನೂಕುತ್ತಿತ್ತಂತೆ. ಸಮಾಧಾನ ಆಗಬೇಕಿತ್ತು. ಆದರೆ ಎದೆಯಲ್ಲಿ ಅದಕ್ಕಿಂತ ದೊಡ್ಡ ಭಯ ತುಂಬಿತು. ಅವನು ಸತ್ತದ್ದು ತನ್ನಿಂದ. ಸತ್ತವನ ಹೆಂಡತಿ ಇಷ್ಟು ವರ್ಷ ತನ್ನ ಪಕ್ಕದಲ್ಲಿಯೇ ಮಲಗಿದ್ದಾಳೆ.

"ಕಾಕಿ, ನನ್ನ ಕಂಡ್ರ ನಿನಗ ಸಿಟ್ಟು ಬರಲಿಲ್ಲೇನು?" ಎಂದಳು, ಮುಖ ನೋಡದೆ.

"ಬಂದಿತ್ತು," ಎಂದಳು ಚಂದ್ರಕಲಾ. "ಎಷ್ಟೋ ದಿನ ನಿನ್ನ ಮುಟ್ಟಿರಲಿಲ್ಲ. ನೀ ಎಡವಿ ಬಿದ್ರ ಎತ್ತತಿರಲಿಲ್ಲ. ಒಮ್ಮೆ ನಿನಗ ಜ್ವರ ಬಂತು. ನಿಮ್ಮವ್ವ ಮನ್ಯಾಗ ಇರಲಿಲ್ಲ. ನೀನ ತೆವಳಕೋತ ಬಂದು ನನ್ನ ತೊಡಿ ಮ್ಯಾಲ ಮಕ್ಕೊಂಡಿ. ದಬ್ಬಲಿಕ್ಕೆ ಕೈ ಏಳಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ನಿನಗ ಏನೂ ನೆನಪಿಲ್ಲ ಅನಕೊಂಡಿದ್ವಿ. ಹಂಗ ಇರಲಿ ಅಂತ ಎಲ್ಲಾರೂ ಬಾಯಿ ಮುಚ್ಚಿಕೊಂಡಿವಿ."

ಹಣಮಂತಮ್ಮ ಚಹಾ ಮಾಡಲು ಒಳಗೆ ಹೋದಳು. ಮೌನೇಶ್ವರಿಗೆ ಆ ಶೆಡ್ಡಿನ ನೆರಳಲ್ಲಿ ಒಂದು ಕ್ಷಣವೂ ನಿಲ್ಲಲಾಗಲಿಲ್ಲ. ಹಗೇವನ್ನು ಎಂದೋ ಕಲ್ಲುಮಣ್ಣು ಹಾಕಿ ತುಂಬಿದ್ದಾರೆಂದು ಗೊತ್ತಿದ್ದರೂ ನೆಲ ಬಾಯಿ ತೆರೆದೀತು ಅನ್ನಿಸಿ ಹೊರಗೆ ಓಡಿಬಂದು ಬೇವಿನ ಗಿಡದ ಬುಡ ಹಿಡಿದು ನಿಂತಳು.

ತಿರುಗಿ ನೋಡಿದರೆ ಕಾಕಿ ಹಿಂದೆ ಬಂದಿರಲಿಲ್ಲ. ಟ್ರಾಕ್ಟರಿನ ಗಾಲಿಯ ಪಕ್ಕ, ಆ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಎರಡೂ ಅಂಗೈ ಮಣ್ಣಿಗೆ ಒತ್ತಿಕೊಂಡಿದ್ದಳು. ದನಿಯಿಲ್ಲದೆ ಅವಳ ಬೆನ್ನು ಅದುರುತ್ತಿತ್ತು.

"ಕಾಕಿ, ಹೊರಗ ಬಾ," ಎಂದು ಮೌನೇಶ್ವರಿ ಕರೆದಳು. ಅವಳು ಏಳಲಿಲ್ಲ. ಇನ್ನೊಮ್ಮೆ ಕರೆದಳು.

ಮೌನೇಶ್ವರಿ ಗಿಡ ಬಿಟ್ಟಳು. ತಗಡಿನ ನೆರಳಿನ ಗೆರೆಯ ಹತ್ತಿರ ಬಂದು ನಿಂತಳು. ಹಿಂದಕ್ಕೆ ಹೆಜ್ಜೆ ಇಟ್ಟಳು. ಮತ್ತೆ ಮುಂದೆ ಬಂದು, ಕಣ್ಣು ಅಗಲವಾಗಿ ತೆರೆದುಕೊಂಡೇ ಒಳಗೆ ನಡೆದು, ಕಾಕಿಯ ಪಕ್ಕದಲ್ಲಿ ಆ ನೆಲದ ಮೇಲೆಯೇ ಕೂತಳು.